ಬಿಸಿಲಿಗೊಂದು ಸಿಪ್ಪೆ, ನೆರಳಿಗೊಂದು ಸಿಪ್ಪೆ

ಸೊಣ್ಣಮ್ಮ ಬಂಡೆಯ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಲ್ಕು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ಹಿಮ್ಮಡಿಯನ್ನು ಕಲ್ಲಿಗೆ ಒತ್ತಿ ಉಜ್ಜುತ್ತಾರೆ, ತಲೆ ಆಡಿಸುತ್ತಾರೆ, ಮತ್ತೆ ನಾಲ್ಕು ಹೆಜ್ಜೆ. ಬಂಡೆಯ ಅಂಚಿನಲ್ಲಿ ಪ್ಲಾಸ್ಟಿಕ್ ಕ್ರೇಟುಗಳು ಸಾಲಾಗಿ ಕೂತಿವೆ, ಒಳಗೆ ದಾಳಿಂಬೆ ಸಿಪ್ಪೆ. ಅವನ್ನು ಹರಡಲು ಐದಾರು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯುತ್ತಿದ್ದಾರೆ. ಸೊಣ್ಣಮ್ಮನ ಹಿಮ್ಮಡಿ ಒಪ್ಪಿಗೆ ಕೊಡುವವರೆಗೆ ಒಂದು ಕ್ರೇಟೂ ಅಲ್ಲಾಡುವುದಿಲ್ಲ.

"ಇನ್ನೂ ತಣ್ಣಗೈತೆ ಅಮ್ಮಣಿ," ಎಂದು ನನಗೆ ವಿವರಿಸುತ್ತಾರೆ. "ತೈ ತಿಂಗಳಲ್ವಾ, ಇಬ್ಬನಿ ಜಾಸ್ತಿ. ಈಗ ಆಕಿದ್ರೆ ತೋಲು ಇಬ್ಬನಿ ಕುಡಿತೈತೆ. ಒಂದ್ ದಪ ಕುಡಿದ್ಮ್ಯಾಕೆ ಸಾಯಂಕಾಲ ತಂಕ ಕಕ್ಕಾಕಿಲ್ಲ." ಸಿಪ್ಪೆ ಎನ್ನುವುದು ನಾವು ಆಡುವ ಮಾತು. ಈ ಕಡೆ ಕನ್ನಡದವರ ಬಾಯಲ್ಲೂ ಅದು ತಮಿಳಿನ ತೋಲು. ತೈ ಎಂದರೆ ಸಂಕ್ರಾಂತಿಯಿಂದ ಶುರುವಾಗುವ ತಮಿಳು ತಿಂಗಳು.

ತಮಿಳುನಾಡಿನ ಮೇಚೇರಿಯಿಂದ ಮೆಟ್ಟೂರಿಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಈ ಹಳ್ಳಿ. ಊರ ಹೊರಗೆ ಚಪ್ಪಟೆ ಬಂಡೆ, ಹಿಂದೆ ಇದರ ಮೇಲೆ ರಾಗಿ ಬಡಿಯುತ್ತಿದ್ದರಂತೆ. ಈಗ ಸೇಲಂ, ಮೆಟ್ಟೂರು, ಧರ್ಮಪುರಿಯ ಜ್ಯೂಸ್ ಅಂಗಡಿಗಳ ಸಿಪ್ಪೆಯೆಲ್ಲ ಇಲ್ಲಿಗೆ ಬರುತ್ತದೆ. ಜನ ರಸ ಕುಡಿದು ಬಾಯೊರೆಸಿಕೊಂಡು ಹೋಗುತ್ತಾರೆ. ಉಳಿದದ್ದನ್ನು ಸೊಣ್ಣಮ್ಮನ ಮಗ ಅರವಿಂದ್ ಅಂಗಡಿ ಮುಚ್ಚುವ ಹೊತ್ತಿಗೆ ಟೆಂಪೋದಲ್ಲಿ ತುಂಬಿಕೊಂಡು ಬರುತ್ತಾನೆ. ಒಣಗಿದ ದಾಳಿಂಬೆ ಸಿಪ್ಪೆ ಹಲ್ಲುಪುಡಿಗೆ, ಹೊಟ್ಟೆನೋವಿನ ಮದ್ದಿಗೆ ಹೋಗುತ್ತದೆ. ಕಿತ್ತಳೆ ಸಿಪ್ಪೆ ಸ್ನಾನದ ಪುಡಿಗೆ, ಮುಖಕ್ಕೆ ಹಚ್ಚುವ ಲೇಪಕ್ಕೆ. ಡಬ್ಬಿಯ ಮೇಲೆ ಹಸಿರೆಲೆಯ ಚಿತ್ರ ಇರುತ್ತದೆ, ಸೊಣ್ಣಮ್ಮನ ಹಿಮ್ಮಡಿಯ ಚಿತ್ರ ಇರುವುದಿಲ್ಲ.

ನಾನು ಬಂದದ್ದು ಕೊಂಚ ಇರುಸುಮುರುಸಿನ ವಾರದಲ್ಲಿ. ಇವರಿಂದ ಸಿಪ್ಪೆ ಕೊಳ್ಳುವ ವ್ಯಾಪಾರಿ ಭೂಪತಿ ತಮ್ಮ ಗೋಡೌನಿಗೆ ಒಣಗಿಸುವ ಯಂತ್ರ ತರಿಸಿದ್ದಾರೆ. ಅವರಿಂದ ಕಿತ್ತಳೆ ಸಿಪ್ಪೆ ಕೊಳ್ಳುವ ಕಂಪನಿಯೊಂದು ಹೊಸ ಷರತ್ತು ಹಾಕಿದೆ. ಒಂದೋ ಯಂತ್ರದ್ದು ಕೊಡಿ, ಇಲ್ಲವೇ ನೆರಳಲ್ಲಿ ಒಣಗಿಸಿದ್ದು ಕೊಡಿ, ಎರಡನ್ನೂ ಕಲಸಿ ಕೊಡಬೇಡಿ. ಯಾವುದು ಎಂದು ಭೂಪತಿ ಭಾನುವಾರ ಇಲ್ಲಿಗೇ ಬಂದು ತೀರ್ಮಾನ ಮಾಡುತ್ತಾರೆ. ಯಂತ್ರವೇ ಆಯಿತೆಂದರೆ ಬಂಡೆಯ ಕೆಲಸ ಉಳಿಯುತ್ತದೆ, ಕಿತ್ತಳೆಯ ಚಪ್ಪರ ಮುಚ್ಚುತ್ತದೆ. ಬಂಡೆಯ ಕೆಲಸಕ್ಕೆ ಇಬ್ಬರು ಹೆಂಗಸರು ಸಾಕು. ಉಳಿದವರು ಮತ್ತೆ ಕೂಲಿ ಹುಡುಕಿಕೊಂಡು ಮೇಚೇರಿಯ ಬಸ್ಸು ಹತ್ತಬೇಕು.

ಹಿಮ್ಮಡಿ ಕೊನೆಗೆ ಒಪ್ಪುತ್ತದೆ. ಕ್ರೇಟುಗಳು ಉರುಳುತ್ತವೆ. ಹೆಂಗಸರು ಸಿಪ್ಪೆಯ ಹೊಟ್ಟೆಭಾಗ ಮೇಲೆ ಬರುವಂತೆ ಒಂದೊಂದನ್ನೂ ಮಗುಚುತ್ತಾ ಹೋಗುತ್ತಾರೆ. ಬಿಸಿಲು ಏರಿದಂತೆ ಬಂಡೆ ಕಾಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾನು ಅದರ ಮೇಲೆ ಚಪ್ಪಲಿ ಹಾಕಿಕೊಂಡೂ ನಿಲ್ಲಲಾರದೆ ಕುಣಿಯುತ್ತಿರುತ್ತೇನೆ. ಮುನಿವೆಂಕಟಮ್ಮ ಎಂಬ ಹಿರಿಯಾಕೆ ಅದನ್ನು ನೋಡಿ, "ಪೇಪರ್‌ನೋರು ಕುಣಿಯಕ್ಕೂ ಬರ್ತಾರಾ," ಎಂದು ಕೇಳುತ್ತಾರೆ. ಹತ್ತು ಕಿಲೋ ಹಸಿ ಸಿಪ್ಪೆ ಒಣಗಿ ಮೂರು ಕಿಲೋ ಮುಟ್ಟಿದರೆ ಹೆಚ್ಚು ಎಂದೂ ಅವರೇ ಹೇಳುತ್ತಾರೆ.

ಸೊಣ್ಣಮ್ಮ ಎಡಪ್ಪಾಡಿಯ ಮಗಳು, ಮಗ್ಗದ ಮನೆಯವರು. ಅಲ್ಲಿ ಹೆಣ್ಣುಮಕ್ಕಳು ಕಣ್ಣುಜ್ಜಿಕೊಂಡು ಎದ್ದೊಡನೆ ಬೀದಿಗೆ ಬರುತ್ತಿದ್ದರು. ಬೀದಿಯ ಉದ್ದಕ್ಕೂ ಪಾವು, ಎಂದರೆ ಮಗ್ಗಕ್ಕೆ ಏರಿಸುವ ಹಾಸುನೂಲು, ಎಳೆದು ಕಟ್ಟಿ ಗಂಜಿ ತೀಡುವ ಕೆಲಸ. ಆ ಗಂಜಿ ಎಳೆಬಿಸಿಲಲ್ಲಿ, ಮೆಲ್ಲಗೆ ಆರಬೇಕು. ಸೂರ್ಯ ನೆತ್ತಿಯ ಕಡೆಗೆ ಬಂದರೆ ನೂಲು ಬಿರುಸಾಗಿ ಮಗ್ಗದಲ್ಲಿ ಪಟಪಟ ಕಡಿಯುತ್ತದೆ. ಒಣಗಿಸುವುದು ಎಂದರೆ ಅವರಿಗೆ ಗೊತ್ತಿದ್ದದ್ದು ಅಷ್ಟೇ. ಬಿಸಿಲು ಏರುವ ಮುಂಚೆ ಹರಡು, ಏರಿದೊಡನೆ ಎತ್ತು.

ಮದುವೆಯಾಗಿ ಈ ಊರಿಗೆ ಬಂದರು. ಇಲ್ಲೂ ಮಾವನ ಮನೆಯಲ್ಲಿ ಮಗ್ಗಗಳಿದ್ದವು, ಆಮೇಲೆ ಒಂದೊಂದಾಗಿ ನಿಂತವು. ಭೂಪತಿ ಸಿಪ್ಪೆಯ ಕೆಲಸ ತಂದಾಗ ಸೊಣ್ಣಮ್ಮ ಮೊದಲ ವರ್ಷದ ದಾಳಿಂಬೆಯನ್ನೆಲ್ಲ ಪಾವಿನ ಹಾಗೆಯೇ ಒಣಗಿಸಿದರು. ಎಳೆಬಿಸಿಲಿಗೆ ಹರಡಿ, ಬಿಸಿಲು ಚುರುಕಾಗುವ ಮೊದಲೇ ಎತ್ತಿ ನೆರಳಿಗೆ ಹಾಕಿದರು. ಸಿಪ್ಪೆ ನೋಡಲು ಬಲು ಚೆಂದ, ಮೇಲಿನ ಕೆಂಪು ಒಂದಿಷ್ಟೂ ಮಾಸಿರಲಿಲ್ಲ. ಊರವರು ಬಂದು ಬಂದು ನೋಡಿ ಹೊಗಳಿ ಹೋದರು. ಮೂಟೆ ಕಟ್ಟಿ ಕಳಿಸಿದ ಮೇಲೆ ಗೋಡೌನಿನಲ್ಲಿ ಬಿಚ್ಚಿದರೆ ಒಳಗೆಲ್ಲ ಬೂಷ್ಟು. ಮೇಲೆ ಒಣಗಿ ಚರ್ಮದಂತಾಗಿದ್ದ ಸಿಪ್ಪೆಯ ಒಳತಿರುಳು ನೀರನ್ನು ಹಾಗೇ ಹಿಡಿದಿಟ್ಟುಕೊಂಡಿತ್ತು. ಅಷ್ಟನ್ನೂ ಗುಂಡಿ ತೋಡಿ ಮುಚ್ಚಿದರು.

"ಎಡಪ್ಪಾಡಿಯೋಳು ದಾಳಿಂಬೆಗೂ ಪಾವು ಎಳದ್ಲು ಅಂತ ಊರೆಲ್ಲ ಆಡ್ಕಂಡ್ರು," ಎಂದು ಸೊಣ್ಣಮ್ಮ ಹೇಳುತ್ತಾರೆ. ದನಿಯಲ್ಲಿ ಬೇಸರವಿಲ್ಲ. "ಬೇರೆಯೋರಾಗಿದ್ರೆ ಆ ತಪ್ಪು ಮಾಡ್ತಿರ್ಲಿಲ್ಲ. ರಾಗಿ ಒಣಗಿಸ್ದಂಗೆ ಬಂಡೆ ಮ್ಯಾಕೆ ಎಸೆದು ಓಗ್ತಿದ್ರು, ಅದೇ ಸರಿ ಆಗ್ತಿತ್ತು. ನನಗೆ ತಿಳುವಳಿಕೆ ಜಾಸ್ತಿ ಇತ್ತು, ಅದಕ್ಕೇ ಕೆಡ್ತು."

ಹಾಗೆಂದು ಎಡಪ್ಪಾಡಿಯ ಬುದ್ಧಿ ದಂಡವಾಗಲಿಲ್ಲ. ಕಿತ್ತಳೆ ಬಂದಾಗ ಆಟ ತಿರುಗಿತು. ಊರ ಹೆಂಗಸರು ಅದನ್ನೂ ಬಂಡೆಗೆ ಹಾಕಿದರು. ಸಂಜೆಗೆ ಸಿಪ್ಪೆ ಗರಿಗರಿ, ಬಣ್ಣ ಬಿಳಿಚಿ ಒಣಹುಲ್ಲಿನಂತೆ, ಘಮ ಪೂರಾ ಮಾಯ. ಕಿತ್ತಳೆ ಸಿಪ್ಪೆಯ ಸತ್ವವೆಲ್ಲ ಅದರ ಹೊರಮೈಯ ಸಣ್ಣ ಗುಳ್ಳೆಗಳಲ್ಲಿರುವ ಎಣ್ಣೆಯಲ್ಲಿದೆ. ಕಾದ ಕಲ್ಲು ಅದನ್ನು ಹಾರಿಸಿಬಿಡುತ್ತದೆ. "ಬಂಡೆ ಮ್ಯಾಗಿನ ಕಿತ್ತಳೆ ತೋಲು ಅಪ್ಪಳ ಆಗ್ತೈತೆ, ಮರುಂದು ಆಗಾಕಿಲ್ಲ," ಎನ್ನುವುದು ಸೊಣ್ಣಮ್ಮನ ತೀರ್ಪು. ಮರುಂದು ಎಂದರೆ ಮದ್ದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಈ ಎರಡು ಸಿಪ್ಪೆಗಳು. ಒಂದಕ್ಕೆ ಬೆಂಕಿಯಂಥ ಬಿಸಿಲು ಬೇಕು, ಇನ್ನೊಂದಕ್ಕೆ ಅದು ಸೋಕಲೇಬಾರದು.

ಕಿತ್ತಳೆಗೆಂದು ಮಾವನ ಮಗ್ಗದ ಕೊಟ್ಟಿಗೆಯನ್ನೇ ತೆರವು ಮಾಡಿದರು. ಮಗ್ಗದ ಮನೆಗೆ ತೇವ ಬೇಕು, ಗಾಳಿ ಬೇಡ. ಸಿಪ್ಪೆಗೆ ಗಾಳಿ ಬೇಕು, ತೇವ ಬೇಡ. ಆದ್ದರಿಂದ ಗೋಡೆಗಳನ್ನು ಅರ್ಧಕ್ಕೆ ಇಳಿಸಿ, ಮಗ್ಗದ ಗುಂಡಿಗಳಿಗೆ ಮಣ್ಣು ತುಂಬಿ, ಮೇಲೆ ತೆಂಗಿನ ಸೋಗೆ ಹೊದೆಸಿದರು. ಒಳಗೆ ಬಿದಿರಿನ ತಟ್ಟಿಗಳು ಅಂತಸ್ತು ಅಂತಸ್ತಾಗಿ ನಿಂತಿವೆ. ಇದನ್ನೇ ಇವರು ಚಪ್ಪರ ಎನ್ನುತ್ತಾರೆ. ಕಾಲಿಟ್ಟರೆ ಕಿತ್ತಳೆಯ ಘಮ ಮೂಗಿಗೆ ಅಲ್ಲ, ನೇರ ನೆತ್ತಿಗೇ ಏರುತ್ತದೆ.

ಗುರುವಾರ ನಾನು ಈ ಚಪ್ಪರದಲ್ಲಿ ನಿಂತು ಒಂದು ಚೂರು ಸಿಪ್ಪೆ ಮುರಿದು ಮೂಸಿ, ಎಂಥ ಪರಿಮಳ ಎಂದೆ. ಸೊಣ್ಣಮ್ಮ ನನ್ನತ್ತ ತಿರುಗಿ, "ಐತಾ?" ಎಂದು ಕೇಳಿದರು.

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಐತೆ ಎಂದೆ. ಚೆನ್ನಾಗೈತಾ ಎಂದು ಮತ್ತೆ ಕೇಳಿದರು. ಆ ಕೇಳುವ ಬಗೆಯಲ್ಲಿ ಪರೀಕ್ಷೆಯ ಗತ್ತು ಇರಲಿಲ್ಲ. ಸುತ್ತ ಯಾರಿಲ್ಲ ಎಂದು ನೋಡಿಕೊಂಡು ಅವರು ತಟ್ಟಿಯ ಅಂಚಿಗೆ ಒರಗಿ ನಿಂತರು.

"ನನಗೆ ತಿಳಿಯಾಕಿಲ್ಲ ಅಮ್ಮಣಿ. ಲಾಕ್‌ಡೌನ್‌ನಾಗೆ ಆ ಜ್ವರ ಬಂತಲ್ಲ, ಓಗುವಾಗ ವಾಸನೆ ತಕ್ಕಂಡು ಓಯ್ತು. ಎಲ್ಲಾರ್ಗೂ ವಾಪಸ್ ಬಂತು, ನನಗೆ ಬರ್ಲಿಲ್ಲ. ಸೀದ ಅನ್ನ ತಿಳಿಯಾಕಿಲ್ಲ, ಮಲ್ಲಿಗೆ ತಿಳಿಯಾಕಿಲ್ಲ, ಗ್ಯಾಸ್ ಬುಟ್ಟಿದ್ರೂ ತಿಳಿಯಾಕಿಲ್ಲ." ಎರಡೂ ಕಡೆಯ ಮೂಗುತಿ ಮುಟ್ಟಿಕೊಂಡು ನಕ್ಕರು. "ಮೂಗುತಿ ಎರಡೈತೆ, ಮೂಗು ಒಂದೂ ಇಲ್ಲ."

ದಾಳಿಂಬೆಗೆ ಮೂಗು ಬೇಕಿಲ್ಲ. ಎರಡು ಸಿಪ್ಪೆ ಒಂದಕ್ಕೊಂದು ಬಡಿದರೆ ತೆಂಗಿನ ಚಿಪ್ಪಿನಂತೆ ಟಕ್ ಎನ್ನಬೇಕು, ಅಷ್ಟೇ. ಕಿತ್ತಳೆ ಹಾಗಲ್ಲ. ಒಣಗಿದೆಯೇ ಎಂದು ಬೆರಳು ಹೇಳುತ್ತದೆ, ಸತ್ವ ಉಳಿದಿದೆಯೇ ಎಂದು ಹೇಳುವುದು ಮೂಗು ಮಾತ್ರ. ಒಂದು ದಿನ ಮುಂಚೆ ತೆಗೆದರೆ ಮುಗ್ಗಲು, ಒಂದು ದಿನ ತಡವಾದರೆ ಬರೀ ಹೊಟ್ಟು. ಚಪ್ಪರದಲ್ಲಿ ಯಾವ ತಟ್ಟಿ ಇಳಿಸಬೇಕು ಎನ್ನುವುದು ಸೊಣ್ಣಮ್ಮನ ಮಾತು, ಆ ಮಾತಿಗೆ ಎದುರಿಲ್ಲ. ಮೂಗಿಲ್ಲದ ಮೇಲೂ ಇಷ್ಟು ವರ್ಷ ಅದು ನಡೆದದ್ದು ಸೊಸೆ ಮೇನಕಾಳಿಂದ.

ಮೇನಕಾ ಬಿ.ಕಾಂ. ಓದಿದವಳು, ಅರವಿಂದನ ಹೆಂಡತಿ. ಅತ್ತೆಯ ಜೊತೆ ಸಂಜೆ ಚಪ್ಪರ ಸುತ್ತುತ್ತಾಳೆ. ಒಂದು ತಟ್ಟಿಯಿಂದ ಚೂರು ಮುರಿದು, ಸುಮ್ಮನೆ ಮೂಗೊರೆಸಿಕೊಳ್ಳುವಂತೆ ಮೂಸಿ, ವಾಪಸ್ ಇಡುತ್ತಾಳೆ. ಬೆನ್ನು ಮೇಲಾಗಿ ಇಟ್ಟರೆ ಇನ್ನೂ ಇರಲಿ, ಹೊಟ್ಟೆ ಮೇಲಾಗಿ ಇಟ್ಟರೆ ಇಳಿಸಬಹುದು. ಅತ್ತೆ ಹಿಂದಿನಿಂದ ಬಂದು ನೋಡಿ, "ಈ ಸಾಲು ತೆಗೀರಿ," ಎಂದು ಗಟ್ಟಿಯಾಗಿ ಹೇಳುತ್ತಾರೆ. ಅತ್ತೆ ಸೊಸೆ ಒಂದಾಗಿ ಊರನ್ನೇ ಏಮಾರಿಸಿದ ಕಥೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಈಗ ಮೇನಕಾಗೆ ಮೂರನೇ ತಿಂಗಳು. ಬೇರೆ ಯಾವುದಕ್ಕೂ ತೊಂದರೆಯಿಲ್ಲ, ಕಿತ್ತಳೆ ವಾಸನೆ ಬಡಿದರೆ ಮಾತ್ರ ಕರುಳು ಬಾಯಿಗೆ ಬರುತ್ತದೆ. ಚಪ್ಪರದ ಕಡೆ ಸುಳಿಯುವುದನ್ನೇ ಬಿಟ್ಟಿದ್ದಾಳೆ. ಕೆಲವು ವಾರಗಳಿಂದ ಸೊಣ್ಣಮ್ಮ ಬರಿಯ ಬೆರಳಿನ ಮೇಲೆ ಚಪ್ಪರ ನಡೆಸುತ್ತಿದ್ದಾರೆ. "ಒಣಗೈತೆ ಅಂತ ಕೈ ಏಳ್ತೈತೆ, ಆದ್ರೆ ಅರ್ಧ ಏಳ್ತೈತೆ," ಎನ್ನುತ್ತಾರೆ. "ಬಾನುವಾರ ಭೂಪತಿ ಬಂದು ಮೂಸಿ ನೋಡಿ ಅಕ್ಕಾ ಅಂದ್ರೆ ಏನ್ ಮಾಡ್ಲಿ? ಅದು ಮುಗಿಯಾ ತಂಕ ಇದನ್ನ ಪೇಪರ್‌ನಾಗೆ ಆಕ್ಬೇಡ." ಹಾಕುವುದಿಲ್ಲ ಎಂದೆ.

ಶುಕ್ರವಾರ ಮೇಚೇರಿಯ ಗೋಡೌನಿನಲ್ಲಿ ಭೂಪತಿಯನ್ನು ಕಂಡೆ. ಖಳನಾಯಕನನ್ನು ಹುಡುಕಿಕೊಂಡು ಹೋದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಮೃದು ಮಾತಿನ ಮನುಷ್ಯ, ಮೇಜಿನ ಮೇಲೆ ಸಿಪ್ಪೆಯ ಚೂರುಗಳು, ಗೋಡೆಗೆ ಚೌಡಮ್ಮನ ಪಟ. ಬೀರುವಿನಂಥ ಯಂತ್ರದ ಬಾಗಿಲು ತೆಗೆದು ಒಳಗಿನ ತಟ್ಟೆಗಳನ್ನು ಒಂದೊಂದಾಗಿ ತೋರಿಸಿದರು.

"ಮೆಷಿನ್ ಕೆಟ್ಟದ್ದಲ್ಲ ಮೇಡಂ. ಫಸ್ಟ್ ನನಗೇ ಓಡಿಸಕ್ಕೆ ತಿಳೀಲಿಲ್ಲ. ಹೀಟ್ ಜಾಸ್ತಿ ಇಟ್ಟೆ, ತೋಲೆಲ್ಲ ಕಂದು ಬಣ್ಣ ಆಗಿ ಬೆಲ್ಲದ ಪಾಕ ಸೀದಂಗೆ ವಾಸನೆ. ಅಪ್ಪುರಂ ಹೀಟ್ ಕಮ್ಮಿ ಮಾಡ್ದೆ, ಟೈಂ ಜಾಸ್ತಿ ಮಾಡ್ದೆ, ನಲ್ಲಾ ಬಂತು. ಐಪ್ಪಸಿ ಮಳೇಲಿ ಅಕ್ಕನ ಚಪ್ಪರದಾಗೆ ಒಂದು ತಟ್ಟಿನೂ ಉಳೀಲಿಲ್ಲ, ಎಲ್ಲ ಬೂಷ್ಟು. ಆಗ ಮೆಷಿನ್ ಇದ್ದಿದ್ರೆ ಅಷ್ಟು ತೋಲು ಮಣ್ಣಿಗೆ ಓಗ್ತಿರ್ಲಿಲ್ಲ." ಅಪ್ಪುರಂ ಎಂದರೆ ಆಮೇಲೆ, ನಲ್ಲಾ ಎಂದರೆ ಚೆನ್ನಾಗಿ, ಐಪ್ಪಸಿ ಎಂದರೆ ಈ ಕಡೆ ಹಿಂಗಾರು ಸುರಿಯುವ ತಿಂಗಳು. ಅವರ ಮಾತಿನಲ್ಲಿ ಸುಳ್ಳು ಕಾಣಲಿಲ್ಲ.

ಎರಡೂ ಬಗೆಯ ಸಿಪ್ಪೆಯನ್ನು ಲ್ಯಾಬಿಗೂ ಕಳಿಸಿದ್ದಾರಂತೆ. ತೇವ, ಬೂಷ್ಟು, ಎಣ್ಣೆ, ಎಲ್ಲದರಲ್ಲೂ ಎರಡೂ ಪಾಸು. ಎಣ್ಣೆಯಲ್ಲಿ ನೂಲೆಳೆಯಷ್ಟು ವ್ಯತ್ಯಾಸ. "ಪೇಪರ್ ಮ್ಯಾಗೆ ಎರಡೂ ಒಂದೇ. ಆದ್ರೆ ಕಂಪನಿಯೋರು ಮೂಟೆ ಬಿಚ್ಚಿ ಮೂಗು ಇಟ್ಟು ನೋಡೇ ತಕ್ಕೊಳ್ಳೋದು. ನಾನು ಅಕ್ಕನ ಮೂಗನ್ನ ನಂಬ್ತೀನಿ. ಮೆಷಿನ್‌ದೇ ಚೆನ್ನಾಗೈತೆ ಅಂದ್ರೂ ನಂಬ್ತೀನಿ, ಚಪ್ಪರದ್ದು ಅಂದ್ರೂ ನಂಬ್ತೀನಿ. ಅವರು ಪೊಯ್ ಹೇಳೋರಲ್ಲ." ಪೊಯ್ ಎಂದರೆ ಸುಳ್ಳು. ನಾನು ನೆಲ ನೋಡುತ್ತಾ ಕೂತಿದ್ದೆ.

ಶನಿವಾರ ಇಡೀ ಹಳ್ಳಿಯ ಹೆಂಗಸರಿಗೆ ಒಂದೇ ಮಾತು. ಬಂಡೆಯ ಮೇಲೆ ಸಿಪ್ಪೆ ಮಗುಚುತ್ತಾ ಮುನಿವೆಂಕಟಮ್ಮ ಕೇಳಿಯೇಬಿಟ್ಟರು. "ಇದ್ರಾಗೆ ಯೋಚ್ನೆ ಮಾಡಕ್ಕೆ ಏನೈತೆ ಸೊಣ್ಣಿ? ನಿನ್ನ ಕೈ ಮುಟ್ಟಿದ ತೋಲು ನಿನಗೆ ತಿಳಿಯಾಕಿಲ್ವಾ? ಇದೇ ಒಳ್ಳೇದು ಅಂತ ಬೆರಳು ತೋರ್ಸಿ ಬುಡು. ಐದು ಮನೆ ಒಲೆ ಉರಿತೈತೆ." ಅವರಿಗೆ ಮೂಗಿನ ವಿಷಯ ಗೊತ್ತಿಲ್ಲ. ಗೊತ್ತಿದ್ದರೂ ಅದನ್ನೇ ಹೇಳುತ್ತಿದ್ದರೇನೋ.

ಮನೆಯಲ್ಲಿ ಮೇನಕಾಳದ್ದೂ ಅದೇ ರಾಗ. "ಹೇಳಿಬಿಡಿ ಅತ್ತೆ. ಬೆರಳಲ್ಲಿ ಮುರಿದು ನೋಡಿದ್ರೆ ನಿಮಗೆ ಯಾವ್ದು ನಮ್ದು ಅಂತ ಗೊತ್ತಾಗತ್ತೆ. ಮೂಸಿದ ಹಂಗೆ ಮಾಡಿ ತೋರಿಸಿದ್ರೆ ಯಾರಿಗೆ ತಿಳಿಯತ್ತೆ?" ಸೊಣ್ಣಮ್ಮ ರಾಗಿ ಮುದ್ದೆ ತಿರುವುತ್ತಾ ಕೂತಿದ್ದರು. "ಮುದ್ದೆಗೆ ಸಾರು ಬುಡು," ಎಂದರು, ಅಷ್ಟೇ. ಅವರು ಏನು ಮಾಡುತ್ತಾರೆ ಎಂದು ನನಗೂ ತಿಳಿಯಲಿಲ್ಲ. ಸುಳ್ಳು ಹೇಳಿಬಿಡಲಿ ಎಂದು ನನಗೂ ಒಳಗೊಳಗೇ ಅನ್ನಿಸಿತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಭಾನುವಾರ ಬೆಳಗಿನ ಬಂಡೆ ಕೆಲಸ ಮುಗಿಯುವ ಹೊತ್ತಿಗೆ ಭೂಪತಿ ಬರುತ್ತಾರೆ. ಚಪ್ಪರದ ಮುಂದಿನ ಅಂಗಳದಲ್ಲಿ ಎರಡು ಮೂಟೆ ಇಳಿಸುತ್ತಾರೆ. ಒಂದರಲ್ಲಿ ಯಂತ್ರದ ಸಿಪ್ಪೆ, ಇನ್ನೊಂದರಲ್ಲಿ ಹೋದ ವಾರ ಇಲ್ಲಿಂದಲೇ ಹೋದದ್ದು. ಯಾವುದಕ್ಕೂ ಗುರುತಿಲ್ಲ. ಹೆಂಗಸರು ಸುತ್ತ ನಿಲ್ಲುತ್ತಾರೆ. ಮೇನಕಾ ದೂರದ ಬೇವಿನ ಮರದ ಕೆಳಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದಾಳೆ.

ಸೊಣ್ಣಮ್ಮ ಮೊದಲ ಮೂಟೆಗೆ ಕೈ ಹಾಕುತ್ತಾರೆ. ಒಂದು ಸಿಪ್ಪೆ ತೆಗೆದು ಹೆಬ್ಬೆರಳಿನಿಂದ ಬೆನ್ನು ಸವರುತ್ತಾರೆ, ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಚಟ್ ಎನ್ನುತ್ತದೆ. ಎರಡನೆಯ ಮೂಟೆಯದು ಸ್ವಲ್ಪ ಬಾಗಿ ಆಮೇಲೆ ಮುರಿಯುತ್ತದೆ. "ಇದು ಮೆಷಿನ್‌ದು. ಇದು ಚಪ್ಪರದ್ದು," ಎನ್ನುತ್ತಾರೆ. ಭೂಪತಿ ತಲೆಯಾಡಿಸುತ್ತಾರೆ, ಸರಿಯಾಗಿದೆ. ಮುನಿವೆಂಕಟಮ್ಮ ಪಕ್ಕದವಳನ್ನು ಮೊಣಕೈಯಿಂದ ತಿವಿಯುತ್ತಾರೆ.

"ಯಾವ್ದು ಚೆನ್ನಾಗೈತೆ ಅಕ್ಕಾ?"

ಸೊಣ್ಣಮ್ಮ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ಯಾವ್ದು ಯಾವ್ದು ಅಂತ ಏಳ್ದೆ. ಯಾವ್ದು ಚೆನ್ನಾಗೈತೆ ಅಂತ ಏಳಕ್ಕೆ ನನಗೆ ಮೂಗಿಲ್ಲ ಭೂಪತಿ. ಜ್ವರ ಬಂದಾಗಿಂದ ಇಲ್ಲ. ಇಷ್ಟ್ ದಿನ ಮೂಸಿದ್ದು ಮೇನಕಾ, ಬಾಯಿ ಬುಟ್ಟಿದ್ದು ನಾನು."

ಚಪ್ಪರದ ಸೋಗೆ ಗಾಳಿಗೆ ಸರಸರ ಎನ್ನುತ್ತದೆ. ಭೂಪತಿಯ ಮುಖ ಕೆಂಪಾಗಿದೆ. "ಇಷ್ಟು ವರ್ಷ ನನ್ನ ಹತ್ರ ಒಂದು ಮಾತು ಏಳ್ಬಾರ್ದಾ ಅಕ್ಕಾ," ಎನ್ನುತ್ತಾರೆ. ಕೋಪಕ್ಕಿಂತ ನೋವೇ ಹೆಚ್ಚಿದೆ ಅದರಲ್ಲಿ. "ನಾನು ಕಂಪನಿಯೋರ್ಗೆ ನಿಮ್ಮ ಹೆಸರು ಹೇಳಿ ಮಾಲು ಕೊಟ್ಟಿದ್ದೀನಿ."

"ಏಳ್ಬೇಕಿತ್ತು. ಏಳಿದ್ರೆ ಚಪ್ಪರದಾಗೆ ನಿಲ್ಲಕ್ಕೆ ಬುಡ್ತಾರಾ ಅಂತ ಬಯ ಆಯ್ತು. ಬೇರೆ ಏನಿಲ್ಲ." ಸೊಣ್ಣಮ್ಮ ಅಷ್ಟು ಹೇಳಿ ಮೂಟೆಯ ಬಾಯಿ ಮಡಚಿಡುತ್ತಾರೆ. ಆ ಗಳಿಗೆಯಲ್ಲಿ ಅವರನ್ನು ನೋಡುವುದು ನನಗೆ ಕಷ್ಟವಾಗುತ್ತದೆ.

ಮುನಿವೆಂಕಟಮ್ಮ ಮುಂದೆ ಬರುತ್ತಾರೆ. ನಾನು ಮೂಸ್ತೀನಿ ಎನ್ನುತ್ತಾರೆ. ಮೂಸಿ, ಚಪ್ಪರದ್ದೇ ಎನ್ನುತ್ತಾರೆ. ಪಕ್ಕದವಳು ಮೂಸಿ, ಎರಡೂ ಒಂದೇ ಎನ್ನುತ್ತಾಳೆ. ಮೂರನೆಯವಳು ಕಣ್ಣು ಮುಚ್ಚಿ ಯಂತ್ರದ್ದನ್ನೇ ಚಪ್ಪರದ್ದೆಂದು ಹೊಗಳುತ್ತಾಳೆ. ನನಗೂ ಕೊಡುತ್ತಾರೆ. ನಾಲ್ಕು ದಿನ ಇದರಲ್ಲೇ ಮುಳುಗಿದ್ದ ನನ್ನ ಮೂಗಿಗೆ ಲೋಕವೆಲ್ಲ ಕಿತ್ತಳೆಯೇ ಆಗಿದೆ. ಇವರೆಲ್ಲರ ಕೈ, ಸೀರೆ, ತಲೆಗೂದಲಿಗೆ ಅದೇ ವಾಸನೆ ಹತ್ತಿದೆ, ಇನ್ನು ಯಾರ ಮೂಗಿಗೆ ಎಷ್ಟು ತಿಳಿದೀತು? ಭೂಪತಿ ಕೈಚೆಲ್ಲಿ ನಿಲ್ಲುತ್ತಾರೆ. "ಹಂಗಾದ್ರೆ ಮೆಷಿನ್‌ದೇ ಇರ್ಲಿ ಬುಡಿ," ಎಂದು ಮೂಟೆ ಕಟ್ಟಲು ದಾರ ತೆಗೆಯುತ್ತಾರೆ.

ಆಗ ಬೇವಿನ ಮರದ ಕೆಳಗಿನಿಂದ ಮೇನಕಾ ಎದ್ದು ಬರುತ್ತಾಳೆ. ವಾರಗಳಿಂದ ಸಿಪ್ಪೆಯ ಹತ್ತಿರ ಸುಳಿಯದ ಮೂಗು ಈ ಅಂಗಳದಲ್ಲಿ ಅದೊಂದೇ. "ವೇಂಡಾಂ ಮಗಾ, ಬ್ಯಾಡ," ಎಂದು ಸೊಣ್ಣಮ್ಮ ಅಡ್ಡ ಬರುತ್ತಾರೆ. ಮೇನಕಾ ಕೇಳುವುದಿಲ್ಲ. ಸೆರಗು ಸರಿಸಿ, ಯಂತ್ರದ ಮೂಟೆಯಿಂದ ಒಂದು ಸಿಪ್ಪೆ ಮುರಿದು ಮೂಗಿಗೆ ಹಿಡಿಯುತ್ತಾಳೆ. ಕಣ್ಣು ಕಿವುಚಿ, ಉಗುಳು ನುಂಗಿ, ಹಾಗೇ ನಿಲ್ಲುತ್ತಾಳೆ. "ಕಷ್ಟ. ಆದ್ರೆ ತಡೀಬಹುದು," ಎನ್ನುತ್ತಾಳೆ.

ಚಪ್ಪರದ ಸಿಪ್ಪೆ ಮುರಿಯುತ್ತಾಳೆ. ಅದು ಮೂಗಿನವರೆಗೂ ಹೋಗುವುದಿಲ್ಲ. ಎದೆಯ ಮಟ್ಟಕ್ಕೆ ಬಂದದ್ದೇ ತಡ, ಅದನ್ನು ಎಸೆದು ಬೇಲಿಯ ಕಡೆ ಓಡುತ್ತಾಳೆ. ಸೊಣ್ಣಮ್ಮ ಹಿಂದೆಯೇ ಓಡಿ ಹಣೆ ಹಿಡಿದುಕೊಳ್ಳುತ್ತಾರೆ. ಬೇಲಿಯಾಚೆಯಿಂದ ಓಕರಿಕೆ ಅಂಗಳಕ್ಕೆಲ್ಲ ಕೇಳಿಸುತ್ತದೆ. ಮೊದಲು ನಗುವುದು ಮುನಿವೆಂಕಟಮ್ಮ, ಆಮೇಲೆ ಉಳಿದವರು. ಭೂಪತಿ ನಗಬಾರದೆಂದು ತುಟಿ ಕಚ್ಚಿ ಸೋಲುತ್ತಾರೆ.

"ರಿಪೋರ್ಟ್ ಬಂತು," ಎಂದು ದಾರವನ್ನು ಜೇಬಿಗೆ ಹಾಕುತ್ತಾರೆ.

ತೀರ್ಮಾನ ಹೀಗಾಗುತ್ತದೆ. ಬಿಸಿಲು ಬಿದ್ದ ತಿಂಗಳುಗಳಲ್ಲಿ ಕಿತ್ತಳೆ ಚಪ್ಪರದಲ್ಲೇ ಒಣಗುತ್ತದೆ, ಕಂಪನಿಗೆ ಅದೇ ಹೋಗುತ್ತದೆ. ಮಳೆಗಾಲದ ಸಿಪ್ಪೆ ಯಂತ್ರಕ್ಕೆ, ಅದನ್ನು ಬೇರೆಯಾಗಿಯೇ ಕಟ್ಟಿ ಊರಿನ ಮದ್ದಿನಂಗಡಿಗಳಿಗೆ ಕೊಡುತ್ತಾರೆ. ಭೂಪತಿ ಟೆಂಪೋ ಹತ್ತುವ ಮೊದಲು ನಿಂತು ಒಂದು ಮಾತು ಕೇಳುತ್ತಾರೆ. ನಾಳೆಯಿಂದ ಯಾವ ತಟ್ಟಿ ಇಳಿಸಬೇಕು ಎಂದು ಹೇಳುವುದು ಯಾರು?

ಸೊಣ್ಣಮ್ಮ ಇದನ್ನು ಮೊದಲೇ ಯೋಚಿಸಿಟ್ಟಿದ್ದಾರೆ. "ಮುನಿವೆಂಕಟಮ್ಮ. ಬೆಳಿಗ್ಗೆ ಎದ್ದು ಮೊಖ ತೊಳೆದು, ತೋಲು ಮುಟ್ಟಾಕ್ ಮುಂಚೆ ಮೂಸ್ಬೇಕು. ಆಮ್ಯಾಕೆ ಮೂಸಿದ್ದು ಲೆಕ್ಕಕ್ಕಿಲ್ಲ. ಬೆರಳು ಎಂಗೆ ನೋಡೋದು ಅಂತ ನಾನು ಏಳಿಕೊಡ್ತೀನಿ. ನಾನು ಬಂಡೆಗೆ ಓಯ್ತೀನಿ." ಚಪ್ಪರ ಕಟ್ಟಿದವರು ಅವರು, ಅದರ ಗೋಡೆ ಇಳಿಸಿದವರು ಅವರು. ಅದನ್ನು ಬೇರೆಯವರ ಕೈಗೆ ಕೊಡುವಾಗ ದನಿ ಒಂದಿಷ್ಟೂ ಏರುಪೇರಾಗುವುದಿಲ್ಲ. ಮುನಿವೆಂಕಟಮ್ಮ ಈ ಸಲ ತಮಾಷೆ ಮಾಡದೆ, ಸರಿ ಎಂದು ತಲೆಯಾಡಿಸುತ್ತಾರೆ.

ಸೋಮವಾರ ಹೊರಡುವ ಮುನ್ನ ನಾನು ಬಂಡೆಗೆ ಹೋಗುತ್ತೇನೆ. ದಾಳಿಂಬೆ ಹರಡಿ ಮುಗಿದಿದೆ. ಸೊಣ್ಣಮ್ಮ ಅಂಚಿನಲ್ಲಿ ಕೂತು ಅಡಿಕೆ ಮೆಲ್ಲುತ್ತಿದ್ದಾರೆ. ಈಗ ಬರೆಯಬಹುದೇ ಎಂದು ಕೇಳುತ್ತೇನೆ. ಬರಕೋ ಎನ್ನುತ್ತಾರೆ. ಚಪ್ಪರ ಬಿಟ್ಟುಕೊಟ್ಟದ್ದು ಬೇಜಾರಾಗಲಿಲ್ಲವೇ ಎಂದರೆ, ಆಯಿತು ಎನ್ನುತ್ತಾರೆ, ಅಡಗಿಸುವುದಿಲ್ಲ. "ಒಂದು ರಾತ್ರಿ ನಿದ್ದೆ ಬರ್ಲಿಲ್ಲ. ಇವತ್ತು ಬೆಳಿಗ್ಗೆ ಮುನಿವೆಂಕಟಮ್ಮ ಮೂಸಿ ಮೂರು ತಟ್ಟಿ ಇಳಿಸಿದ್ಲು. ನಾನು ಆಮ್ಯಾಕೆ ಓಗಿ ಬೆರಳಾಗೆ ನೋಡ್ದೆ. ಸರಿಯಾಗೇ ಇಳಿಸವ್ಳೆ."

ಡಾಕ್ಟರಿಗೆ ಮೂಗು ತೋರಿಸಿದ್ದೀರಾ ಎಂದು ಕೇಳುತ್ತೇನೆ. ತೋರಿಸಿದ್ದಾರಂತೆ, ಬಂದರೂ ಬರಬಹುದು, ಇಲ್ಲದಿದ್ದರೆ ಇಲ್ಲ ಎಂದರಂತೆ. ಬರಲಿ ಎಂದು ಆಸೆ ಇಲ್ಲವೇ?

ಸೊಣ್ಣಮ್ಮ ಊರ ಕಡೆ ನೋಡುತ್ತಾರೆ. ಅಲ್ಲಿ ಮನೆಯ ಮುಂದೆ ಮೇನಕಾ ತಲೆಗೂದಲು ಬಿಚ್ಚಿಕೊಂಡು ಎಳೆಬಿಸಿಲಿಗೆ ಕೂತಿದ್ದಾಳೆ.

"ತೋಲಿನ ವಾಸನೆ ಓದ್ರೆ ಓಗ್ಲಿ ಅಮ್ಮಣಿ, ಅದಕ್ಕೆ ಮುನಿವೆಂಕಟಮ್ಮ ಅವ್ಳೆ. ಆಡಿ ತಿಂಗಳಾಗೆ ಕೂಸು ಉಟ್ತೈತೆ. ನಾನೇ ಎಣ್ಣೆ ನೀರು ಆಕೋದು. ಸಾಂಬ್ರಾಣಿ ಇಕ್ಕಿ, ಬಟ್ಟೆ ಸುತ್ತಿ, ನೆತ್ತಿಗೆ ಮೂಗು ಇಟ್ರೆ ಒಂದು ವಾಸನೆ ಬರ್ತೈತಲ್ಲ, ಅದೊಂದು ಬಂದ್ರೆ ಸಾಕು. ಅದನ್ನ ಇನ್ನೊಬ್ರ ಮೂಗ್ನಾಗೆ ನೋಡಕ್ಕಾಗಾಕಿಲ್ಲ."